ಯಾರೂ ಬರದ ಹಾದಿ ಕೇಳಿದ್ದು

ನಮ್ಮವರ ಕಿವಿಗೆ ಮಷಿನ್ ಬಂದ ವಾರ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವುದೂ ಒಂದು ಅಪರಾಧವಾಗಿಬಿಟ್ಟಿತು. ಅಡುಗೆಮನೆಯಲ್ಲಿ ಒಂದು ತಾಟು ಸಪ್ಪಳ ಮಾಡಿದರೆ ಸಾಕು, ಪಡಸಾಲೆಯಲ್ಲಿ ಕುಳಿತವರು ಎರಡೂ ಕೈ ಕಿವಿಗೆ ಒಯ್ದು, "ಇಲ್ಲೇ ತಂದು ನನ್ನ ತಲಿ ಮ್ಯಾಲ ಒಗೀರಿ ಅದನ್ನ!" ಎಂದು ಕೂಗುತ್ತಿದ್ದರು. ಬೈಲಹೊಂಗಲದಲ್ಲಿ ಹಿಟ್ಟಿನ ಗಿರಣಿ ನಡೆಸಿದ ಮನುಷ್ಯ ಅವರು. ಜೋಳ, ಗೋಧಿ, ಖಾರದಪುಡಿ ಎಂದು ಮುಂಜಾನೆಯಿಂದ ಸಂಜೆಯವರೆಗೆ ಆ ತಿರುಗುವ ಬೆಲ್ಟಿನ ಮಗ್ಗುಲಲ್ಲೇ ನಿಂತು ಎರಡೂ ಕಿವಿಗಳನ್ನು ಗಿರಣಿಗೇ ಕೊಟ್ಟುಬಿಟ್ಟಿದ್ದರು. ಮೊದಲು ಎಡಗಿವಿ ಮಂದವಾಯಿತು, ನಾನು ಬಲಗಡೆ ನಿಂತು ಮಾತಾಡುವುದನ್ನು ಕಲಿತೆ. ಆಮೇಲೆ ಬಲಗಿವಿಯೂ ಅದೇ ದಾರಿ ಹಿಡಿಯಿತು, ನಾನು ಕೂಗುವುದನ್ನು ಕಲಿತೆ.

ನೀವೇ ಹೇಳಿ, ಕೂಗಿ ಹೇಳಲು ಬರುವ ಮಾತು ಸಂಸಾರದಲ್ಲಿ ಎಷ್ಟಿದ್ದಾವು? ಊಟಕ್ಕೆ ಏಳ್ರಿ, ಗುಳಿಗಿ ತಗೋರಿ, ಫೋನ್ ಬಂದೈತಿ. ಮುಗಿಯಿತು. ಸೊಸೆಯ ಬಗ್ಗೆ ಒಂದು ಒಳಮಾತು ಆಡೋಣವೆಂದರೆ ಸೊಸೆಗೇ ಮೊದಲು ಕೇಳಿಸುತ್ತದೆ, ಆಮೇಲೆ ಓಣಿಗೆ, ಕಟ್ಟಕಡೆಗೆ ನಮ್ಮವರಿಗೆ. ಮೈಗೆ ಹುಷಾರಿಲ್ಲದ ದಿನ ಮಗ್ಗುಲಲ್ಲಿ ಕುಳಿತು "ನೀವು ಇದ್ದೀರಿ ಅಂತ ನನಗ ಧೈರ್ಯ" ಎನ್ನಬೇಕು ಅನ್ನಿಸುತ್ತದೆ. ಅದನ್ನು ಗಂಟಲು ಹರಿದುಕೊಂಡು ಕೂಗಿ ಹೇಳಿ ನೋಡಿ, ಹೇಳಿದವರಿಗೇ ನಗು ಬರುತ್ತದೆ. ಹಾಗಾಗಿ ನಾನು ಅಂಥ ಮಾತುಗಳನ್ನೇ ಬಿಟ್ಟುಬಿಟ್ಟೆ. ನಮ್ಮವರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಯಾರು ಏನೆಂದರೂ ಒಂದೇ ಥರ ನಗುತ್ತಾ ಕೂರತೊಡಗಿದರು. ಏನೂ ಕೇಳಿಸದವರ ನಗು ಅದು.

ಮಗಳು ಹಟ ಹಿಡಿದು ಬೆಳಗಾವಿಗೆ ಕರೆದೊಯ್ದು ಮಷಿನ್ ಕೊಡಿಸಿದಳು. ಕಿವಿಯ ಹಿಂದೆ ಶೇಂಗಾದ ಕಾಯಿಯಷ್ಟು ದೊಡ್ಡದು, ಅಷ್ಟೇ. ಅಂಗಡಿಯಲ್ಲಿದ್ದ ಹುಡುಗಿ ಭಾಳ ಒಳ್ಳೆಯವಳು. ಒಗ್ಗದಿದ್ದರೆ ಸೋಮವಾರದೊಳಗೆ ವಾಪಸ್ ತಂದುಕೊಡಿ ಎಂದಳು. ಆದರೆ ಮೊದಲು ಗದ್ದಲವಿಲ್ಲದ ಜಾಗದಲ್ಲಿ, ಒಬ್ಬರೇ ಒಬ್ಬರ ಜೊತೆ, ಮೆಲ್ಲಗೆ ಮಾತಾಡಿ ರೂಢಿ ಮಾಡಿಕೊಳ್ಳಿ, ಬೆಳಗಿನ ಹೊತ್ತು ಎಲ್ಲಾದರೂ ಪ್ರಶಾಂತವಾದ ಕಡೆ ಅಡ್ಡಾಡಿ, ಎಂದಳು.

ಪ್ರಶಾಂತವಾದ ಕಡೆ! ಬೈಲಹೊಂಗಲದ ಪೇಟೆಯಲ್ಲಿ! ಕಬ್ಬಿನ ಹಂಗಾಮು ಬೇರೆ ಶುರುವಾಗಿತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೊರಟರೆ ನಮ್ಮ ಕಿಟಕಿಯ ಗಾಜು ನಡುಗುತ್ತದೆ. ಮಷಿನ್ ಹಾಕಿಕೊಂಡರೆ ಜಗತ್ತಿನ ಸಪ್ಪಳವೆಲ್ಲಾ ಒಮ್ಮೆಲೇ ತಲೆಯೊಳಗೆ ನುಗ್ಗುತ್ತದೆ, ಅದರೊಳಗೆ ನಿನ್ನ ಮಾತು ಯಾವುದು, ಕುಕ್ಕರಿನ ಸೀಟಿ ಯಾವುದು ತಿಳಿಯುವುದಿಲ್ಲ, ಎಂದು ನಮ್ಮವರು ಅದನ್ನು ಡಬ್ಬಿಯಲ್ಲಿ ಇಟ್ಟರು. ನಾನು ತೆಗೆದುಕೊಟ್ಟೆ. ಅವರು ಮತ್ತೆ ಇಟ್ಟರು.

"ಊಟಿಗೆ ಹೋಗಿ ಬರ್ರಿ," ಎಂದಳು ಮಗಳು ಫೋನಿನಲ್ಲಿ. ನಮ್ಮವರಿಗೆ ನಾನು ಕೂಗಿ ತಿಳಿಸಿದೆ. "ಗುಡ್ಡ ನೋಡಾಕ ಅಷ್ಟ ದೂರ ಯಾಕ? ನಮ್ಮಲ್ಲಿ ಗುಡ್ಡ ಇಲ್ಲೇನು?" ಎಂದರು. ಇದ್ದಾವೆ, ಬೇಕಾದಷ್ಟಿದ್ದಾವೆ. ನನ್ನ ತವರು ಎಂ.ಕೆ. ಹುಬ್ಬಳ್ಳಿ, ಅಲ್ಲಿಗಂತೂ ಬೇಡವೆಂದೆ. ಸಕ್ಕರೆ ಕಾರ್ಖಾನೆಯ ಊರು ಅದು, ಈ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ತವರೂ ಹೌದು. ಕಿತ್ತೂರಿನ ಕೋಟೆಗೆ ಹೋಗೋಣವೆಂದರೆ ಸಾಲಿ ಮಕ್ಕಳ ಟ್ರಿಪ್ಪಿನ ಕಾಲ. ಕೊನೆಗೆ ಸವದತ್ತಿಯಲ್ಲಿ ನನ್ನ ತಂಗಿಯ ಮನೆಯಿದೆ, ಅಲ್ಲಿಳಿದು ಸುತ್ತಲಿನ ಗುಡ್ಡದ ಹಾದಿ ಹುಡುಕೋಣವೆಂದು ಮೂರು ದಿನದ ಸೂಟಿಗೆ ಹೊರಟೆವು. ಹೊರಡುವಾಗ ನಮ್ಮವರು ಕಟ್ಟುನಿಟ್ಟಾಗಿ ಹೇಳಿದರು: "ಈ ಸೂಟಿಯೊಳಗ ಒಗ್ಗಿದ್ರ ಇರಲಿ. ಇಲ್ಲಂದ್ರ ಸೋಮವಾರ ಕೊಟ್ಟ ಬಿಡೂಣು. ಮತ್ತ ಅಳಬ್ಯಾಡ."

ಹೋಗುವ ದಾರಿಯಲ್ಲೇ ಸೊಗಲಕ್ಕೆ ಇಳಿದೆವು. ಕಲ್ಲಿನ ಗುಡ್ಡ, ಗಿಡಮರ, ದೇವರು, ನೀರು ಎಲ್ಲವೂ ಇರುವ ಜಾಗ. ನಾನು ಪಾಪದವಳು, ನೀರಿನ ಸಪ್ಪಳವನ್ನೇ ಮರೆತಿದ್ದೆ. ಮಳೆ ಚೆನ್ನಾಗಿ ಆಗಿತ್ತು, ಧಬಧಬೆ ಇನ್ನೂ ಜೋರಾಗಿ ಬೀಳುತ್ತಿತ್ತು. ನಮ್ಮವರು ಅದರ ಎದುರು ನಿಂತು ಮಷಿನ್ ಹಾಕಿಕೊಂಡವರೇ ಬೆಚ್ಚಿಬಿದ್ದು, "ಏ, ಗಿರಣಿ ಚಾಲೂ ಮಾಡ್ಯಾರ!" ಎಂದರು. ನೀರಿನಿಂದ ದೂರ ಹೋಗಿ ಗುಡ್ಡದ ಮೇಲಿನ ಹಾದಿ ಹಿಡಿದರೆ ಅಲ್ಲೊಂದು ಪಿಕ್‌ನಿಕ್ಕಿನ ಗುಂಪು ಸ್ಪೀಕರ್ ಇಟ್ಟುಕೊಂಡು ಕುಣಿಯುತ್ತಿತ್ತು. ನಮ್ಮನ್ನೂ ಕುಣಿಯಲು ಕರೆದರು. ಕರೆಯದೇ ಇದ್ದಾರೇ? ನಮ್ಮ ಕಡೆಯ ಮಂದಿ, ಕರೆಯದಿದ್ದರೆ ನಮಗೆ ಬೇಸರವಾದೀತು ಎಂಬ ಸಂಕೋಚ ಅವರಿಗೆ.

ಮರುದಿನ ಸವದತ್ತಿಯಲ್ಲಿ ನನ್ನ ತಂಗಿಯ ಗಂಡನನ್ನು ಕೇಳಿದೆ. "ಇಲ್ಲೆ ಸಮೀಪ ಗುಡ್ಡದ ಮ್ಯಾಲ ಶಾಂತ ಹಾದಿ ಯಾವುದರ ಐತೇನ್ರಿ?" ಒಳ್ಳೆಯ ಮನುಷ್ಯ, ಒಂದು ಗಳಿಗೆಯೂ ಯೋಚಿಸಲಿಲ್ಲ. "ಶಾಂತಿ ಬೇಕಂದ್ರ ಯಲ್ಲಮ್ಮನ ಗುಡ್ಡಕ್ಕ ಹೋಗ್ರಿ ಅಕ್ಕಾರ. ಮನಸಿಗೆ ಏನ್ ಸಮಾಧಾನ ಆಕ್ಕೈತಿ ಅಂತೀರಿ!" ನಾನು ಕೇಳಿದ್ದು ಕಿವಿಯ ಶಾಂತಿ, ಅವರು ಕೊಟ್ಟದ್ದು ಮನಸ್ಸಿನ ಶಾಂತಿ. ದೇವಿಯ ಹೆಸರು ಬಂದ ಮೇಲೆ ಒಲ್ಲೆ ಎನ್ನಲು ಬರುವುದಿಲ್ಲವಲ್ಲ, ಹೋದೆವು. ನಡೆದು ಹತ್ತುವ ಹಾದಿಯನ್ನೇ ಹಿಡಿದೆವು. ಹಿಂದೆ ಮುಂದೆ ಜಗ್ಗಲಿಗೆ, ಚೌಡಿಕಿ ವಾದ್ಯಗಳ ಅಬ್ಬರ, "ಉಧೋ ಉಧೋ" ಎನ್ನುವ ಮಂದಿ, ಭಂಡಾರದ ಧೂಳು, ಕಾಯಿ ಮಾರುವವರ ಕೂಗು. ಯಲ್ಲವ್ವನಿಗೆ ಬೈಯಲು ಬರುತ್ತದೆಯೇ? ಆಕೆಯ ಮನೆಗೆ ನಾವೇ ಹೋಗಿ ಗದ್ದಲ ಮಾಡಬೇಡ ಎಂದರೆ ಹೇಗೆ? ನಾನು ಕೈಮುಗಿದೆ, ಕುಂಕುಮ ಹಚ್ಚಿಕೊಂಡೆ. ತಿರುಗಿ ನೋಡಿದರೆ ನಮ್ಮವರು ಕಂಬಕ್ಕೆ ಒರಗಿ ನಿಂತು, ಮಷಿನ್ ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಿದ್ದರು. ಮುಖದ ಮೇಲೆ ಅದೇ ನಗು.

"ಇರಲಿ ಬಿಡು," ಎಂದರು. "ಇಷ್ಟ ದಿನಾ ನಡದೈತಿ, ಇನ್ನೂ ನಡೀತೈತಿ."

ನನಗೆ ಅಳು ಬಂತು, ಸಿಟ್ಟೂ ಬಂತು. ನಡೆಯುತ್ತದಂತೆ! ಯಾರಿಗೆ ನಡೆಯುತ್ತದೆ? ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ತಾಟಿನ ಎದುರು ಕುಳಿತು, ಮಾತಿಲ್ಲದೆ ಮುದುಕರಾಗುವುದು ನಿಮಗೆ ನಡೆಯಬಹುದು, ನನಗೆ ನಡೆಯುವುದಿಲ್ಲ. ನನಗೆ ಈ ಮನುಷ್ಯ ಬೇಕು, ಕೂಗದೆ ಮಾತಾಡಲು ಬೇಕು. ಇಷ್ಟನ್ನು ಹೇಳಲು ಅಲ್ಲಿ, ಅಷ್ಟು ಮಂದಿಯ ನಡುವೆ, ಎಷ್ಟು ಕೂಗಬೇಕಾಗಿತ್ತೋ. ನಾನು ಅವರ ಕೈಯಿಂದ ಡಬ್ಬಿ ಇಸಿದುಕೊಂಡು ಮೆಟ್ಟಿಲಿಳಿದೆ.

ಉಳಿದದ್ದು ಭಾನುವಾರ ಒಂದು. ರಾಮದುರ್ಗದ ದಾರಿಯಲ್ಲಿ, ಬಸ್ಸಿನಿಂದ ನೋಡಿದರೆ ಬೋಳು ಬೋಳಾಗಿ ಕಾಣುವ ಕೆಂಪುಗಲ್ಲಿನ ಗುಡ್ಡಗಳಿವೆ. ಗುಡಿಯಿಲ್ಲ, ಜಲಪಾತವಿಲ್ಲ, ಫೋಟೊ ತೆಗೆಸಿಕೊಳ್ಳಲು ಯಾರೂ ಹೋಗುವುದಿಲ್ಲ. ಅಲ್ಲಿಗೆ ಹೋಗೋಣವೆಂದೆ. ತಂಗಿಯ ಮನೆಯವರೆಲ್ಲಾ ಜೊತೆಗೆ ಬರಲು ತಯಾರಾದರು. ನಮ್ಮಲ್ಲಿ ಇಬ್ಬರನ್ನೇ ಎಲ್ಲಿಗೂ ಕಳಿಸುವುದು ಮರ್ಯಾದೆಯಲ್ಲ. ತಂಗಿಯನ್ನು ಒಳಗೆ ಕರೆದು ಕೈಮುಗಿದು, "ನೀ ಬರಬ್ಯಾಡ್ವಾ, ನಿನ್ನ ಕಾಲ ಬೀಳತೇನಿ," ಎಂದ ಮೇಲೆ ಮುಖ ಸಣ್ಣದು ಮಾಡಿಕೊಂಡು ಬುತ್ತಿ ಕಟ್ಟಿಕೊಟ್ಟಳು. ಆರು ಮಂದಿಗಾಗುವಷ್ಟು ರೊಟ್ಟಿ, ಶೇಂಗಾ ಹಿಂಡಿ, ಎಣ್ಣಿಗಾಯಿ, ಗಟ್ಟಿ ಮೊಸರು.

ಬಸ್ಸು ಇಳಿಸಿದ ಕಡೆ ನಾಲ್ಕಾರು ಮನೆಗಳಿದ್ದವು. ಮೊದಲನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಆಯಿ ಕುಳಿತು ಶೇಂಗಾ ಬಿಡಿಸುತ್ತಿದ್ದಳು. ತಲೆಯೆಲ್ಲಾ ಬೆಳ್ಳಗಾಗಿದ್ದರೂ ಕೈ ಚುರುಕು. ನಮ್ಮವರು ಮಷಿನ್ ಬೇಡ, ಗುಡ್ಡವೂ ಬೇಡ ಎಂದು ಮುಖ ಗಂಟು ಹಾಕಿಕೊಂಡು ರಸ್ತೆಯ ಆಚೆ ನಿಂತಿದ್ದರು. ನಾನೂ ಅದೇ ಮುಖ ಹೊತ್ತುಕೊಂಡು ಆಯಿಯನ್ನು ಕೇಳಿದೆ.

"ಆಯಿ, ಈ ಗುಡ್ಡದ ಮ್ಯಾಲ ಯಾರೂ ಬರದಂಥಾ ಹಾದಿ ಯಾವುದೈತ್ರಿ?"

ಆಯಿ ಕೈ ನಿಲ್ಲಿಸಿದಳು. "ಯಾರೂ ಬರದಂಥಾದ್ದ ಯಾಕ ಬೇಕಯವ್ವಾ?"

"ನಾವಿಬ್ಬರ ಇರಬೇಕ್ರಿ. ಮಂದಿ ಕಾಟ ಸಾಕಾಗೈತಿ."

"ಮ್ಯಾಲ ಏನೈತಿ, ಒಂದ ಹಳೀ ಹೊಂಡ ಐತಿ. ಆಡು ಸೈತ ಹೋಗೂದಿಲ್ಲ ಈಗ ಆ ಕಡೆ."

"ಹೊಂಡ ಐತ್ರಿ? ಭಾಳ ಚಲೋ ಆತು ನೋಡ್ರಿ," ಎಂದೆ. ನೆರಳಿನಲ್ಲಿ ನೀರಿನ ದಂಡೆಗೆ ಕೂರಬಹುದಲ್ಲ ಎಂದು ನನ್ನ ಲೆಕ್ಕ. ಬುತ್ತಿ ಭಾರವಾಗಿತ್ತು, ಅದನ್ನು ಕಟ್ಟೆಯ ಮೇಲಿಟ್ಟೆ. "ಇದು ನಿಮ್ಮ ಹತ್ರ ಇರಲ್ರಿ. ಹೊತ್ತಾದ್ರ ನೀವ ಉಣ್ರಿ, ದಾರಿ ನೋಡಬ್ಯಾಡ್ರಿ." ಅಷ್ಟರಲ್ಲಿ ನಮ್ಮವರು ವಾಪಸ್ ಹೋಗುವ ಬಸ್ಸಿಗೆ ಕೈ ಮಾಡುತ್ತಿರುವುದು ಕಂಡು ನನಗೆ ಸಿಟ್ಟು ನೆತ್ತಿಗೇರಿತು. "ಹೋಗತೇವ್ರಿ ಇನ್ನ," ಎಂದು ದಡದಡನೆ ಹೊರಟುಹೋದೆ.

ಹೋಗತೇವಿ. ಆಡಿದಾಗ ನನಗೆ ಅದು ಗಮನಕ್ಕೇ ಬರಲಿಲ್ಲ. ನಮ್ಮ ಕಡೆ ಹೊಸ್ತಿಲು ದಾಟುವವರು ಯಾರೂ ಹೋಗತೇನಿ ಎನ್ನುವುದಿಲ್ಲ. ಪಕ್ಕದ ಮನೆಗೆ ಹೆಪ್ಪು ತರಲು ಹೊರಟರೂ "ಬರತೇನಿ" ಎಂದೇ ಹೇಳಬೇಕು. ಬಾಯಿ ತಪ್ಪಿ ಹೋಗತೇನಿ ಎಂದ ಮಕ್ಕಳಿಗೆ ನಾನೇ ಎಷ್ಟೋ ಸಲ ತಲೆಗೆ ಮೊಟಕಿದ್ದೇನೆ. ತಿರುಗಿ ಬಾರದವರು ಆಡುವ ಮಾತು ಅದು. ಅಂಥಾದ್ದನ್ನು ಗೊತ್ತಿಲ್ಲದ ಊರಿನಲ್ಲಿ, ಹೊಂಡ ಕೇಳಿ, ಬುತ್ತಿ ಬಿಟ್ಟುಕೊಟ್ಟು, ಮುಖ ಉಬ್ಬಿಸಿಕೊಂಡು ಆಡಿ ಬಂದಿದ್ದೆ.

ನಮ್ಮವರ ತೋಳು ಹಿಡಿದು ಗುಡ್ಡದ ಕಡೆ ತಿರುಗಿಸಿದೆ. ಹಾದಿಯೆಂದರೆ ಹಾದಿಯೂ ಅಲ್ಲ, ಎಂದೋ ಆಡುಗಳು ತುಳಿದ ಗೆರೆ. ಎರಡೂ ಕಡೆ ಸೀತಾಫಲದ ಗಿಡ, ಹಳದಿ ಹೂ ಬಿಟ್ಟ ತಂಗಡಿ, ಒಣಗಿದ ಹುಲ್ಲು, ನಡುನಡುವೆ ಹಾಸಿಟ್ಟಂಥ ಕೆಂಪು ಬಂಡೆ. ಒಂದು ತಿರುವು ದಾಟಿದ ಮೇಲೆ ರಸ್ತೆ ಕಾಣಲಿಲ್ಲ, ಬಸ್ಸಿನ ಹಾರ್ನೂ ಇಲ್ಲ. ಡಬ್ಬಿ ತೆಗೆದು ಮುಂದೆ ಹಿಡಿದೆ. ನಮ್ಮವರು ನನ್ನ ಮುಖ ನೋಡಿದರು, ಏನೆನ್ನಿಸಿತೋ, ಸುಮ್ಮನೆ ಇಸಿದುಕೊಂಡು ಎರಡೂ ಕಿವಿಗೆ ಹಾಕಿಕೊಂಡರು. ಸ್ವಲ್ಪ ದೂರ ನಡೆದು ನಿಂತರು. ಕಿವಿಯ ಹಿಂದೆ ಬೆರಳಿನಿಂದ ತಟ್ಟಿದರು.

"ಕೆಟ್ಟೈತಿ ಇದು. ಏನೂ ಕೇಳವಲ್ದು."

"ಕೇಳಾಕ ಇಲ್ಲಿ ಏನೂ ಇಲ್ರಿ," ಎಂದೆ. ಹತ್ತಿದ ಏದುಸಿರಿನಲ್ಲಿ ನನಗೆ ಕೂಗಲು ದಮ್ಮೇ ಇರಲಿಲ್ಲ, ಸಣ್ಣ ದನಿಯಲ್ಲೇ ಅಂದುಬಿಟ್ಟಿದ್ದೆ.

"ಹಾಂ. ಅದೂ ಖರೇನ," ಎಂದರು ನಮ್ಮವರು.

ಆಮೇಲೆ ಇಬ್ಬರೂ ನಿಂತುಬಿಟ್ಟೆವು. ಅವರು ನನ್ನನ್ನು ನೋಡಿದರು, ನಾನು ಅವರನ್ನು. ಅವರು ನನ್ನ ತುಟಿ ನೋಡಿರಲಿಲ್ಲ, ಗುಡ್ಡದ ಕಡೆ ಮುಖ ಮಾಡಿದ್ದರು. ಕೇಳಿಸಿತ್ತು! ಯವ್ವಾ, ನನ್ನ ಎದೆ ಹೇಗೆ ಹೊಡೆದುಕೊಂಡಿತು ಎಂದರೆ ಅದೂ ಅವರಿಗೆ ಕೇಳಿಸೀತೆಂದು ನಾಚಿಕೆಯಾಯಿತು.

ಈಗ ಮಾತಾಡಬೇಕಲ್ಲ. ಎಷ್ಟು ವರ್ಷದ ಮಾತು ಕೂಡಿಟ್ಟುಕೊಂಡಿದ್ದೆ, ಒಂದಾದರೂ ಬಾಯಿಗೆ ಬರಬೇಕೇ? ಹೆಣ್ಣು ನೋಡಲು ಬಂದವರ ಎದುರು ಕುಳಿತಾಗಲೂ ನಾನು ಇಷ್ಟು ತಡವರಿಸಿರಲಿಲ್ಲ. "ಬಿಸಿಲೈತಿ," ಎಂದೆ. "ಹೌದು," ಎಂದರು. ನಾಲ್ಕು ಹೆಜ್ಜೆ ನಡೆದೆವು. "ಗಾಳಿನೂ ಐತಿ," ಎಂದರು. "ಐತ್ರಿ," ಎಂದೆ. ಬಿಸಿಲು, ಗಾಳಿ ಎರಡೂ ಮುಗಿದವು. ಮುಂದೇನು ಎಂದು ನಾನು ಒದ್ದಾಡುತ್ತಿರುವಾಗ ನಮ್ಮವರು ಮತ್ತೆ ನಿಂತರು.

"ಯಾರೋ ಹಿಂದ ಬರಾಕ ಹತ್ಯಾರ."

ನಾನು ತಿರುಗಿದೆ. ಹುಲ್ಲು, ಬಂಡೆ, ಗಿಡ. "ಯಾರೂ ಇಲ್ರಿ. ನಿಮ್ಮ ಚಪ್ಪಲಿ ಸಪ್ಪಳ ಅದು. ಎಷ್ಟ ವರ್ಷ ಆತು ನೀವದನ್ನ ಕೇಳದ, ಗುರುತ ಹತ್ತವಲ್ದು."

ಅವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆದು ನೋಡಿದರು. ತಲೆಯಾಡಿಸಿದರು. "ಅಲ್ಲ. ಹಿಂದ ಯಾರೋ ಅದಾರ. ಹೆಣಮಗಳು. ಬಳಿ ಸಪ್ಪಳ ಐತಿ."

"ಬಳಿ ನನ್ನವ್ರಿ!"

"ನಿನ್ನವು ನನಗ ಗೊತ್ತ ಇಲ್ಲೇನು?"

ಮಾಡುವುದೇನು? ಮುಖ ಆಚೆ ತಿರುಗಿಸಿ, ಗಂಟಲಲ್ಲೇ ಗೊಣಗಿದೆ: "ಕಿವಿ ಬಂದ್ರೂ ಬುದ್ಧಿ ಬರಲಿಲ್ಲ ಈ ಗಂಡಸಿಗೆ."

"ಬುದ್ಧಿ ಮಾತು ಆಮ್ಯಾಲ ಆಡೂಣು," ಎಂದರು ನಮ್ಮವರು. "ಮೊದಲ ಹಿಂದ ನೋಡು."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮನೆಯಲ್ಲಿ ದಿನಬೆಳಗಾದರೆ ಅವರ ಬೆನ್ನ ಹಿಂದೆ ನಾನು ಏನೇನು ಗೊಣಗುತ್ತೇನೆ ಎಂದು ನೆನೆದು ಬೆವರು ಬಂತು, ನಗುವೂ ಉಕ್ಕಿತು. ನಗುತ್ತಲೇ ಹಿಂದೆ ನೋಡಿದೆ. ಕೆಳಗಿನ ತಿರುವಿನಲ್ಲಿ ಸೀತಾಫಲದ ಗಿಡ ಅಲುಗಿತು. ಅದರ ಹಿಂದಿನಿಂದ ತಲೆಯ ಮೇಲೆ ನಮ್ಮ ಬುತ್ತಿ ಹೊತ್ತುಕೊಂಡು, ಒಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು, ಆ ಕಟ್ಟೆಯ ಮೇಲಿನ ಆಯಿ ಹೊರಬಂದಳು.

ಓಡಿ ಹೋಗಿ ಬುತ್ತಿ ಇಳಿಸಿಕೊಂಡು ಬಂಡೆಯ ಮೇಲೆ ಕೂರಿಸಿದೆ. ಪಾಪ, ದಮ್ಮು ಹತ್ತಿತ್ತು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದಳು.

"ಹೊಂಡ ಐತಿ ಅಂದ್ರ ಚಲೋ ಆತು ಅಂದಿ. ಬುತ್ತಿ ನನಗ ಕೊಟ್ಟಿ. ಹೋಗತೇವಿ ಅಂದಿ. ನನ್ನ ಎದಿ ಧಸಕ್ ಅಂತಯವ್ವಾ. ಕರದ್ರ ಸಿಟ್ಟಿಗೇಳತೀರಿ ಅಂತ ಸುಮ್ಮನ ಹಿಂದ ಬಂದೆ. ಯಾಕ ತಂಗಿ, ಮಕ್ಕಳು ನೋಡ್ಕೊಳ್ಳೂದಿಲ್ಲೇನು? ಏನ ತ್ರಾಸ ಇದ್ರೂ ನಮ್ಮ ಮನಿಗೆ ನಡೀರಿ, ನಾಕ ದಿನಾ ಇರ್ರಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬಂಡೆಯ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಅದು ನಿಲ್ಲಲೇ ಇಲ್ಲ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಆ ವಯಸ್ಸಿನಲ್ಲಿ ಆ ಬಿಸಿಲಲ್ಲಿ, ಬುತ್ತಿ ಹೊತ್ತುಕೊಂಡು ನಮ್ಮ ಹಿಂದೆ ಗುಡ್ಡ ಹತ್ತಿ ಬಂದಿದ್ದಾಳೆ. ನಾನು ಅವಳನ್ನು ತಬ್ಬಿಕೊಂಡೆ. ನನ್ನ ಅಳು ಕಂಡು ಆಯಿಗೆ ಅನುಮಾನ ಇನ್ನೂ ಗಟ್ಟಿಯಾಯಿತು. ನನ್ನಿಂದ ಉತ್ತರ ಹೊರಡುವುದಿಲ್ಲವೆಂದು ನಮ್ಮವರ ಕಡೆ ತಿರುಗಿ, ಮನೆಯ ಗುಟ್ಟು ಕೇಳುವವರಂತೆ ದನಿ ತಗ್ಗಿಸಿದಳು.

"ಯಪ್ಪಾ, ನೀನರ ಹೇಳು. ಇಬ್ಬರೂ ಜಗಳಾ ಆಡೀರೇನು?"

ಬಂದವರ ಮಾತನ್ನು ನಮ್ಮವರಿಗೆ ಮುಟ್ಟಿಸುವುದು ನನ್ನ ಕೆಲಸ. ಕಣ್ಣೊರೆಸಿಕೊಂಡು, ಉಸಿರು ತುಂಬಿಕೊಂಡು, ಅವರ ಬಲಗಿವಿಯ ಕಡೆ ಬಾಗಿದೆ. ಅವರು ಕೈಯೆತ್ತಿ ನನ್ನನ್ನು ತಡೆದರು. ಮುಖದ ಮೇಲೆ ಆ ಎಲ್ಲರಿಗೂ ಒಂದೇ ಥರದ ನಗು ಇರಲಿಲ್ಲ.

"ಇಲ್ಲಬೇ ಯವ್ವಾ," ಎಂದರು ಮೆಲ್ಲಗೆ. "ಜಗಳಾ ಆಡಾಕ ಕಿವಿ ಬೇಕಲ್ಲಾ. ಇವತ್ತ ಬಂದಾವು. ಇನ್ನ ಮ್ಯಾಲ ಆಡತೇವಿ."